ಭಯಮುಕ್ತ ಕಲಿಕೆ: ಹಾಜರಾತಿ ಕಡ್ಡಾಯ

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಶೇ. 42.43 ಫಲಿತಾಂಶ ಪಡೆದು ರಾಜ್ಯದಲ್ಲೇ ಕೊನೆಯವರಾದ ಕಲಬುರಗಿ ಜಿಲ್ಲೆಯ ನಮಗೆ, ಮಕ್ಕಳೇಕೆ ಕಲಿಯುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದೆ: ಅವರಿಗೆ ಭಯವಂತೆ. (ಹಿಂದಿನ ವರ್ಷ ಆ ಸ್ಥಾನ ಯಾದಗಿರಿಯದಾಗಿತ್ತು, ಹಂಚಿಕೊಂಡು ಉಣ್ಣುವ ಸೀಮೆ ನಮ್ಮದು.) ಆದ್ದರಿಂದ ಶಾಲೆಯೊಂದರಲ್ಲಿ ‘ಭಯಮುಕ್ತ ಕಲಿಕೆ’ ಶಿಬಿರ ಏರ್ಪಟ್ಟಿತು. ಗೈರಾದ ವಿದ್ಯಾರ್ಥಿಗೆ ಹಾಲ್ ಟಿಕೆಟ್ ಸಿಗುವುದಿಲ್ಲವೆಂದೂ, ಅವನನ್ನು ಕರೆತರದ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಜಾರಿಯಾಗುವುದೆಂದೂ ಸುತ್ತೋಲೆ ದಪ್ಪ ಅಕ್ಷರಗಳಲ್ಲಿ ತಿಳಿಸಿತ್ತು.

ಫಲಿತಾಂಶ ಬಂದ ದಿನ ರಾಜಧಾನಿಯಲ್ಲಿ ಹುಟ್ಟಿದ ಸಿಟ್ಟು ಜಿಲ್ಲಾ ಕೇಂದ್ರಕ್ಕೆ ಎಚ್ಚರಿಕೆಯಾಗಿ, ತಾಲೂಕಿಗೆ ನೋಟಿಸಾಗಿ, ಮುಖ್ಯ ಗುರುಗಳ ಕೋಣೆಗೆ ಬೆವರಾಗಿ, ತರಗತಿಗೆ ಬೆತ್ತವಾಗಿ ಇಳಿಯುತ್ತದೆ. ನಾರಾಯಣಪುರದ ನೀರು ಕಾಲುವೆಯ ಕೊನೆಯ ಹೊಲಕ್ಕೆ ತಲುಪದೆ ಹೋಗಬಹುದು. ಭಯ ಮಾತ್ರ ಕೊನೆಯ ಬೆಂಚಿನವರೆಗೂ ತಪ್ಪದೆ ಹರಿಯುತ್ತದೆ.

ಶಿಬಿರಕ್ಕೆ ಬಂದ ಉಪನ್ಯಾಸಕರು 1908ರಲ್ಲಿ ಮನೋವಿಜ್ಞಾನಿಗಳಾದ ಯರ್ಕ್ಸ್ ಮತ್ತು ಡಾಡ್ಸನ್ ನಡೆಸಿದ ಇಲಿಗಳ ಪ್ರಯೋಗವನ್ನು ಉತ್ಸಾಹದಿಂದ ವಿವರಿಸಿ, ವಿದ್ಯುತ್ ಶಾಕ್ ಜೋರಾದಷ್ಟೂ ಇಲಿಗಳು ಬೇಗ ಕಲಿತವೆಂದಾಗ, ಮುಂದಿನ ಸಾಲಿನ ಅಧಿಕಾರಿಗಳು ಅರ್ಥಪೂರ್ಣವಾಗಿ ತಲೆಯಾಡಿಸಿದರು. ಅದು ಸುಲಭದ ಪಾಠಕ್ಕಷ್ಟೇ ಸಲ್ಲುವ ಮಾತು. ತಪ್ಪು ಪೆಟ್ಟಿಗೆ ಹೊಕ್ಕರೆ ಶಾಕ್ ತಗಲುವ ಆ ಪ್ರಯೋಗದಲ್ಲಿ, ಪೆಟ್ಟಿಗೆಗಳ ಬೆಳಕು ಕತ್ತಲೆಗಳ ವ್ಯತ್ಯಾಸ ಗುರುತಿಸುವುದು ಕಠಿಣವಾದಾಗ ಮಿತವಾದ ಶಾಕ್ ತಿಂದ ಇಲಿಗಳೇ ಮುಂದೆ ಹೋಗಿ, ಜೋರು ಶಾಕ್ ತಿಂದವು ಹಿಂದೆ ಉಳಿದವು. ಆದರೆ ಈ ಅರ್ಧವನ್ನು ಹೇಳುವಷ್ಟರಲ್ಲಿ ಊಟದ ಗಂಟೆ ಬಾರಿಸಿತು. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು, ಕಲಿತಿಟ್ಟದ್ದನ್ನು ಬೇಕಾದ ಹೊತ್ತಿನಲ್ಲಿ ನೆನಪಿಗೆ ತಂದುಕೊಳ್ಳಲು ಅಡ್ಡಿಯಾಗುತ್ತದೆ ಎಂಬುದೂ ಹಾಗೆಯೇ ಉಳಿಯಿತು. ಪರೀಕ್ಷಾ ಕೊಠಡಿಯಲ್ಲಿ ಕಲ್ಲಾಗಿ ಕುಳಿತು, ಹೊರಬಂದ ಮೇಲೆ ಬೇವಿನ ಮರದಡಿ ಪ್ರಮೇಯವನ್ನು ಗಡಗಡ ಒಪ್ಪಿಸುವ ಹುಡುಗಿಯನ್ನು ನಾವೆಲ್ಲ ಕಂಡಿದ್ದೇವೆ. ಅವಳಿಗೆ ‘ದಡ್ಡಿ’ ಎಂಬ ಹೆಸರು ಅದಾಗಲೇ ನಿಂತಿರುತ್ತದೆ.

ಭಾವನೆಯಿಂದ ಕಲಿಕೆ ಹೆಚ್ಚುವುದೂ ಉಂಟೆಂದು ತೋರಿಸಲು ಮಧ್ಯಾಹ್ನ ಮಕ್ಕಳನ್ನು ಬೀದರಿಗೆ ಕರೆದೊಯ್ದರು. 1472ರಲ್ಲಿ ಪೂರ್ಣಗೊಂಡ, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾದೆದುರು ಒಬ್ಬ ಹುಡುಗ ಬಾಯ್ತೆರೆದು ನಿಂತ. ಗೋಡೆಯಲ್ಲಿ ಉಳಿದ ಬಣ್ಣದ ಹೆಂಚುಗಳನ್ನೂ ಒಂಟಿ ಮಿನಾರನ್ನೂ ನೋಡಿ, ‘ಸರ್, ಇನ್ನೊಂದು ಮಿನಾರ್ ಎಲ್ಲಿ ಹೋತ್ರಿ?’ ಎಂದು ಕೇಳಿದ. ಅದನ್ನು ಉರುಳಿಸಿದ ಸಿಡಿಮದ್ದಿನ ಸ್ಫೋಟದ ಕಥೆ ಹೇಳಿದ್ದರೆ ಅವನು ಬಹಮನಿಗಳನ್ನು ಜೀವಮಾನವಿಡೀ ಮರೆಯುತ್ತಿರಲಿಲ್ಲ. ‘ಅದು ಪರೀಕ್ಷೆಗೆ ಬರಲ್ಲ, ಸಾಲಿನಾಗ ನಿಲ್ಲು’ ಎಂಬ ಉತ್ತರ ಬಂತು. ಆ ಗುರುಗಳನ್ನು ನಾನು ದೂರುವುದಿಲ್ಲ. ಅವರ ಕಿಸೆಯಲ್ಲಿ ಆಗಲೇ ಎರಡು ನೋಟಿಸುಗಳಿದ್ದವು.

ಬಸ್ಸು ಹತ್ತುವ ಮೊದಲು ಅಭಿಪ್ರಾಯ ಪತ್ರ ಹಂಚಿದರು. ‘ನಿಮ್ಮ ಭಯ ದೂರವಾಯಿತೇ?’ ಎಂಬುದೊಂದೇ ಪ್ರಶ್ನೆ. ‘ಇಲ್ಲ’ ಎಂದು ಬರೆದವರು ಮರುದಿನ ಪಾಲಕರೊಂದಿಗೆ ಬರತಕ್ಕದ್ದೆಂದು ಮೈಕಿನಲ್ಲಿ ಕೂಗಿ ಹೇಳಲಾಯಿತು. ಸಂಜೆಯೊಳಗೆ ಮೇಲಿನ ಕಚೇರಿಗೆ ವರದಿ ಹೋಯಿತು: ಭಯಮುಕ್ತರಾದವರು ಶೇ. 100.