ಸತ್ಯಾಂಶ: ಪ್ಯಾನೆಲ್ ಬಾಗಿಲು ಮುಚ್ಚಿದ್ದರೆ ಆರ್ಕ್ ಫ್ಲ್ಯಾಶ್ ತಾಗುವುದಿಲ್ಲವೇ?

‘ಬಾಗಿಲು ಮುಚ್ಚಿ ಬ್ರೇಕರ್ ಹಾಕಿದರೆ ಏನೂ ಆಗದು, ರಕ್ಷಣಾ ಉಡುಪು ಬೇಡ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧಸತ್ಯ. ಆರ್ಕ್ ಫ್ಲ್ಯಾಶ್ ಎಂದರೆ ವಿದ್ಯುತ್ ಪ್ಯಾನೆಲ್‌ನಲ್ಲಿ ಕರೆಂಟ್ ಗಾಳಿಯ ಮೂಲಕ ಹಾರಿದಾಗ (ಅದೇ ಆರ್ಕ್) ಹೊಮ್ಮುವ ಭಾರಿ ಶಾಖ, ಬೆಳಕಿನ ಸ್ಫೋಟ.

ಮುಚ್ಚಿದ ಬಾಗಿಲು ಕೈ ತಂತಿಗೆ ತಾಗದಂತೆ ತಡೆಯುತ್ತದೆ, ಅಷ್ಟೇ. ಒಳಗೆ ಆರ್ಕ್ ಹುಟ್ಟಿದರೆ ಉಷ್ಣತೆ ಸಾವಿರಾರು ಡಿಗ್ರಿ ದಾಟುತ್ತದೆ. ತಾಮ್ರ ಆವಿಯಾಗಿ ಸಾವಿರಾರು ಪಟ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ಸಾಮಾನ್ಯ ತಗಡಿನ ಬಾಗಿಲು ಸಿಡಿದು ಎದುರಿಗಿದ್ದವರಿಗೇ ಬಡಿಯಬಹುದು. ಐಪಿ 54 ಎಂಬ ಗುರುತು ಧೂಳು, ನೀರಿನ ಮಾತು, ಆರ್ಕ್‌ನದ್ದಲ್ಲ. ಹೈ ವೋಲ್ಟೇಜ್ ಪ್ಯಾನೆಲ್ ಆದರೆ ಅದರ ನಾಮಫಲಕದಲ್ಲಿ ಐಇಸಿ 62271-200 ಎಂಬ ಅಂತರರಾಷ್ಟ್ರೀಯ ಮಾನದಂಡದ ಆಂತರಿಕ ಆರ್ಕ್ ವರ್ಗ (ಒಳಗಿನ ಆರ್ಕ್‌ನಿಂದ ರಕ್ಷಣೆಯ ಪರೀಕ್ಷೆ ಆಗಿದೆ ಎಂಬ ಗುರುತು) ಇದೆಯೇ ನೋಡಿ. ಇದ್ದರೂ, ಎಲ್ಲ ಬೋಲ್ಟ್, ಲ್ಯಾಚ್ ಬಿಗಿಯಾಗಿದ್ದರಷ್ಟೇ ಅದಕ್ಕೆ ಬೆಲೆ. ನಾಲ್ಕರಲ್ಲಿ ಎರಡೇ ಬೋಲ್ಟ್ ಹಾಕಿದ ಬಾಗಿಲುಗಳೇನೂ ಅಪರೂಪವಲ್ಲ!

ಬ್ರೇಕರ್ ಆನ್-ಆಫ್ ಮಾಡುವಾಗ, ಅದಕ್ಕಿಂತ ಹೆಚ್ಚಾಗಿ ಅದನ್ನು ರ‍್ಯಾಕ್ ಇನ್ ಮಾಡುವಾಗ (ಪ್ಯಾನೆಲ್‌ನೊಳಗೆ ಸರಿಸಿ ಸಂಪರ್ಕಕ್ಕೆ ಕೂರಿಸುವಾಗ), ಭಾಗಗಳು ಚಲಿಸುತ್ತವೆ. ಸವೆದ ಕಾಂಟ್ಯಾಕ್ಟ್, ಓರೆಯಾಗಿ ಕೂತ ಬ್ರೇಕರ್ ಕೈಕೊಡುವುದು ಆಗಲೇ. ಸಾಧ್ಯವಾದರೆ ಮೇಲಿನ ಸಪ್ಲೈ ಕಡಿತಗೊಳಿಸಿ ಅಥವಾ ದೂರದಿಂದ ಆಪರೇಟ್ ಮಾಡಿ. ಆಗದಿದ್ದರೆ ಬಾಗಿಲಿನ ಎದುರು ನಿಲ್ಲದೆ ಪಕ್ಕಕ್ಕೆ ಸರಿದು, ಮುಖ ತಿರುಗಿಸಿ ಹ್ಯಾಂಡಲ್ ಎಳೆಯಿರಿ. ಪ್ಯಾನೆಲ್ ಮೇಲಿನ ಲೇಬಲ್ ಹೇಳುವ ಕ್ಯಾಲೊರಿ ಮಟ್ಟದ, ಅಂದರೆ ಅಷ್ಟು ಶಾಖ ತಡೆಯಬಲ್ಲ, ಆರ್ಕ್ ನಿರೋಧಕ ಉಡುಪು, ಫೇಸ್ ಶೀಲ್ಡ್ ಇರಲಿ. ಪಾಲಿಯೆಸ್ಟರ್ ಬಟ್ಟೆ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಟ್ರಿಪ್ ಆದ ಬ್ರೇಕರನ್ನು ಕಾರಣ ತಿಳಿಯದೆ ಮತ್ತೆ ಹಾಕಬೇಡಿ.