ಕಾಲರ್ ಮೈಕಿಗೆ ಕಾಲರ್ ಬೇಕು

ಮಣಿಪಾಲದಲ್ಲೋ ಮಂಗಳೂರಿನ ಕೊಡಿಯಾಲಬೈಲಿನಲ್ಲೋ ಸಾಫ್ಟ್‌ವೇರ್‌ನವರ ಸಮ್ಮೇಳನ. ಮಾತಾಡುವವರು ಗಂಡಸಾದರೆ ಮೈಕಿನವನಿಗೆ ಅರ್ಧ ನಿಮಿಷದ ಕೆಲಸ: ಕಾಲರ್ ಮೈಕಿನ ಕ್ಲಿಪ್ಪು ಶರ್ಟಿನ ಗುಂಡಿಪಟ್ಟಿಗೆ, ದನಿಯ ಸಿಗ್ನಲ್ ಕಳಿಸುವ ಪೆಟ್ಟಿಗೆ ಬೆಲ್ಟಿಗೆ. ಸೀರೆಯವರು ಬಂದರೆ ಅವನ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಎರಡು ಪೆನ್ ಸೆಲ್ ಹೊತ್ತ ಆ ಪೆಟ್ಟಿಗೆಯನ್ನು ಎಲ್ಲಿಗೆ ಸಿಕ್ಕಿಸುವುದು? "ಮೇಡಂ, ಕೈಯಲ್ಲೇ ಹಿಡ್ಕೊಳ್ತೀರಾ?" ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಸ್ಲೈಡಿನ ರಿಮೋಟು. ಆಮೇಲೆ ಸಭೆಯಲ್ಲಿ ಗುಸುಗುಸು: "ಕೈ ಆಡಿಸಿ ಮಾತಾಡುದಿಲ್ಲ, ಧೈರ್ಯ ಸಾಲದು."

ಲಂಗದ ಲಾಡಿ ಬೆಲ್ಟಿಗಿಂತ ಗಟ್ಟಿ ಎಂಬುದು ಮೈಕಿನವರಿಗೆ ಯಾರೂ ಹೇಳಿಕೊಟ್ಟಿಲ್ಲ. ಪೆಟ್ಟಿಗೆಯನ್ನು ಬೆನ್ನ ಕಡೆ ಅದಕ್ಕೇ ಸಿಕ್ಕಿಸಬಹುದು. ಚೂಡಿದಾರಕ್ಕಾದರೆ ಸೊಂಟಕ್ಕೊಂದು ಇಂಚಗಲದ ಬಟ್ಟೆಪಟ್ಟಿ ಸಾಕು. ಆಂಟೆನಾದ ಬಾಲ ನೇರ ಇಳಿದಿರಬೇಕು. ಸುತ್ತಿಕೊಂಡರೆ, ಬೆವರಿದ ಮೈಗೆ ಅಂಟಿದರೆ ಸಿಗ್ನಲ್ ಕಡಿಯುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಬೆವರದ ಮೈ ಯಾವುದುಂಟು ಮಾರಾಯ್ರೆ! ಮೈಕು ಗದ್ದದಿಂದ 15–20 ಸೆಂ.ಮೀ. ಕೆಳಗೆ, ಎದೆಯ ನಡುವೆ ಇರಬೇಕು. ಸೆರಗಿನ ಪಿನ್ ಇದೆಯಲ್ಲ ಎಂದು ಎಡಹೆಗಲಿಗೆ ಹಚ್ಚಿದರೆ, ಬಲಕ್ಕೆ ತಿರುಗಿ ಪರದೆ ನೋಡಿದಾಗೆಲ್ಲ ದನಿ ಇಳಿಯುತ್ತದೆ. ಗಂಜಿ ಹಾಕಿದ ಉಡುಪಿ ಸೀರೆ ಸರಬರ ಎನ್ನುತ್ತದೆ, ಹಾಗಾಗಿ ಮೈಕಿನ ಮೇಲೆ ನೆರಿಗೆ ಬೀಳದಂತೆ ಸೆರಗು ಮಡಿಸಿ ಪಿನ್ ಹಾಕಬೇಕು. ಕರಿಮಣಿ ಟಿಕ್ ಟಿಕ್ ಬಡಿಯುತ್ತದೆ. ಅದನ್ನು ರವಿಕೆಯೊಳಗೆ ಸರಿಸಿದರಾಯಿತು. ಕ್ಲಿಪ್ಪಿನ ಹಿಂದೆ ವಯರಿಗೊಂದು ಸಣ್ಣ ಕುಣಿಕೆ ಬಿಟ್ಟರೆ ಜಗ್ಗಾಟದ ಸದ್ದು ಮೈಕಿಗೆ ಏರದು.

ಯಕ್ಷಗಾನದ ರಂಗಸ್ಥಳದಲ್ಲಿ ತೂಗುವ ಮೈಕಿಗೆ ಈ ರಗಳೆಯೇ ಇಲ್ಲ. ಸ್ತ್ರೀವೇಷ ಬರಲಿ, ಬಣ್ಣದ ವೇಷ ಬರಲಿ, ಅದಕ್ಕೆ ಮಾತು ಕೇಳಿದರೆ ಆಯಿತು.

ಕಂಪ್ಯೂಟರಿನವರ ಕಣ್ಣು ಮಾತ್ರ ಮೊದಲಿನಿಂದಲೂ ವೇಷದ ಮೇಲೆಯೇ. 1946ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ಮೊದಮೊದಲ ಕಂಪ್ಯೂಟರ್ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ, ಫಿರಂಗಿ ಗುಂಡಿನ ಹಾದಿಯ ಲೆಕ್ಕವನ್ನು ಅದಕ್ಕೆ ಹೂಡಿದವರು ಬೆಟ್ಟಿ ಜೆನಿಂಗ್ಸ್ ಮತ್ತು ಬೆಟ್ಟಿ ಸ್ನೈಡರ್ ಎಂಬ ಇಬ್ಬರು ಹೆಂಗಸರು. ರಾತ್ರಿಯ ಔತಣಕ್ಕೆ ಅವರಿಗೆ ಕರೆಯೇ ಇರಲಿಲ್ಲ. ದಶಕಗಳ ಬಳಿಕ, ಹಳೆಯ ಫೋಟೊಗಳಲ್ಲಿ ಯಂತ್ರದ ಪಕ್ಕ ನಿಂತ ಹೆಂಗಸರು ಯಾರು ಎಂದು ಕೇಳಿದರೆ, ಯಂತ್ರ ಚೆಂದ ಕಾಣಲಿ ಎಂದು ನಿಲ್ಲಿಸಿದ ಮಾಡೆಲ್‌ಗಳು ಎಂಬ ಉತ್ತರ. ನಮ್ಮಲ್ಲೂ ಡೇಟಾಬೇಸ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಇಳಿದವರಿಗೆ ಚಾದ ಹೊತ್ತಿನಲ್ಲಿ ಸಿಗುವ ಮೊದಲ ಮಾತು "ಸೀರೆ ಲಾಯ್ಕುಂಟು."

ಉದ್ಘಾಟನೆಗೆ ಪಂಚೆ ಉಟ್ಟು ಬರುವ ಹಿರಿಯರಿಗೂ ಬೆಲ್ಟಿಲ್ಲ. ಪೆಟ್ಟಿಗೆ ಸಲೀಸಾಗಿ ಜುಬ್ಬದ ಕಿಸೆ ಸೇರುತ್ತದೆ. ಹೊದಿಸಿದ ಜರಿ ಶಾಲು ಮೈಕಿಗೆ ಉಜ್ಜಿ ಭಾಷಣವಿಡೀ ಕರಕರ. ಆಗ ಬೈಗಳು ತಿನ್ನುವವ ಮೈಕಿನವ; ಶಾಲಿನ ಸುದ್ದಿಗೆ ಯಾರೂ ಹೋಗುವುದಿಲ್ಲ.