ಮ್ಯಾಚು ಉಳಿಸಿದವನು ಫೋಟೋದಲ್ಲಿ ಇರಲ್ಲ

1953ರ ಆಗಸ್ಟ್. ಲಂಡನ್‌ನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ 8 ವಿಕೆಟ್‌ಗಳಿಂದ ಆಸ್ಟ್ರೇಲಿಯಾವನ್ನು ಸೋಲಿಸಿತು. ಈ ಎರಡು ದೇಶಗಳ ಟೆಸ್ಟ್ ಸರಣಿಯ ಟ್ರೋಫಿ ಆಶಸ್ 19 ವರ್ಷಗಳ ನಂತರ ಇಂಗ್ಲೆಂಡ್ ಕೈಗೆ ಬಂತು. ಜನ ಮೈದಾನಕ್ಕೇ ನುಗ್ಗಿದರು. ಆ ಹನ್ನೊಂದು ಜನರಲ್ಲಿ ಬ್ಯಾಟ್ಸ್‌ಮನ್ ವಿಲ್ಲಿ ವಾಟ್ಸನ್ ಇರಲಿಲ್ಲ. ತಂಡದಿಂದ ಕೈಬಿಟ್ಟಿದ್ದರು. ಇದು ನನಗೆ ಇವತ್ತಿಗೂ ಅರಗಲ್ಲ.

ಯಾಕೆ ಅಂದರೆ, ಅದೇ ಸರಣಿಯ ಲಾರ್ಡ್ಸ್ ಟೆಸ್ಟ್ ನೋಡಿ. ಗೆಲ್ಲೋಕೆ 343 ಬೇಕು. ನಾಲ್ಕನೇ ದಿನ ಸಂಜೆ ಇಂಗ್ಲೆಂಡ್ 12ಕ್ಕೆ 3. ನಾಯಕ ಹಟನ್ ಕೂಡ ಔಟ್. ಮರುದಿನ ಕಾಂಪ್ಟನ್ ಹೋದಾಗ 73ಕ್ಕೆ 4, ಇನ್ನೂ ಊಟದ ಹೊತ್ತೂ ಆಗಿಲ್ಲ. ಅಲ್ಲಿಂದ ವಾಟ್ಸನ್ ಮತ್ತು ಟ್ರೆವರ್ ಬೈಲಿ ಕಂಬ ನೆಟ್ಟ ಹಾಗೆ ನಿಂತರು. ನಾಲ್ಕು ಗಂಟೆಗೂ ಜಾಸ್ತಿ, 163 ರನ್. ಆಸ್ಟ್ರೇಲಿಯಾದ ವೇಗಿಗಳಾದ ಲಿಂಡ್ವಾಲ್, ಮಿಲ್ಲರ್ ಏನು ಮಾಡಿದರೂ ಅಲುಗಾಡಲಿಲ್ಲ. ಸಂಜೆ ಆರರ ಹತ್ತಿರ ವಾಟ್ಸನ್ 109ಕ್ಕೆ ಔಟಾದಾಗ ಮ್ಯಾಚು ಉಳಿದಿತ್ತು. ಆಸ್ಟ್ರೇಲಿಯಾ ವಿರುದ್ಧ ಅವನ ಮೊದಲ ಟೆಸ್ಟ್ ಅದು! ಮೊದಲ ನಾಲ್ಕೂ ಟೆಸ್ಟ್ ಡ್ರಾ ಆಗಿದ್ದಕ್ಕೇ ಅಲ್ವಾ ಓವಲ್‌ನಲ್ಲಿ ಗೆದ್ದವರ ಕೈಗೆ ಆಶಸ್ ಸಿಕ್ಕಿದ್ದು?

ಇದೇ ಮನುಷ್ಯ ಚಳಿಗಾಲದಲ್ಲಿ ಸಂಡರ್‌ಲ್ಯಾಂಡ್‌ಗೆ ಫುಟ್‌ಬಾಲ್ ಆಡುತ್ತಿದ್ದ. ಇಂಗ್ಲೆಂಡ್ ಪರವಾಗಿ 4 ಫುಟ್‌ಬಾಲ್ ಪಂದ್ಯ, 23 ಕ್ರಿಕೆಟ್ ಟೆಸ್ಟ್. ಎರಡೂ ಆಟದಲ್ಲಿ ಆ ದೇಶಕ್ಕೆ ಆಡಿದ ಗಂಡಸರು ಬರೀ 12 ಜನ. ಅವನ ಅಪ್ಪ ಕೂಡ ಫುಟ್‌ಬಾಲ್ ಆಟಗಾರ. 1924ರಿಂದ 26ರವರೆಗೆ ಸತತ ಮೂರು ಸಲ ಲೀಗ್ ಗೆದ್ದ ಹಡರ್ಸ್‌ಫೀಲ್ಡ್ ತಂಡದಲ್ಲಿ ಇದ್ದವರು.

ಫುಟ್‌ಬಾಲ್‌ನಲ್ಲೂ ವಾಟ್ಸನ್ ಅದೃಷ್ಟ ಅಷ್ಟಕ್ಕಷ್ಟೇ. 1950ರ ವಿಶ್ವಕಪ್‌ಗೆ ಬ್ರೆಜಿಲ್‌ಗೆ ಹೋದ, ಒಂದು ಪಂದ್ಯಕ್ಕೂ ಕಣಕ್ಕಿಳಿಯಲಿಲ್ಲ. ಅಮೆರಿಕದ ಎದುರು ಇಂಗ್ಲೆಂಡ್ 1-0ಯಿಂದ ಸೋತು ಮಾನ ಕಳಕೊಂಡ ಟೂರ್ನಿ ಅದು. ಒಂದು ರೀತಿಯಲ್ಲಿ ಆಡದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ.

"ಈಗಿನ ಹುಡುಗರಿಗೆ ಎರಡು ಆಟ ಆಡೋ ತಾಕತ್ತಿಲ್ಲ" ಅಂತ ಕೆಲವರು ಬರೆಯುತ್ತಾರೆ. ಸುಮ್ನೆ ಮಾತು. ಆಗ ಫುಟ್‌ಬಾಲ್ ಏಪ್ರಿಲ್ ಕೊನೆಗೋ ಮೇ ಶುರುವಿಗೋ ಮುಗಿಯುತ್ತಿತ್ತು, ಅಷ್ಟೊತ್ತಿಗೆ ಕ್ರಿಕೆಟ್ ಶುರು. ದುಡ್ಡಿನ ಕಥೆಯೂ ಇದೆ. ಫುಟ್‌ಬಾಲ್ ಆಟಗಾರನ ವಾರದ ಸಂಬಳಕ್ಕೆ ಮಿತಿ ಹಾಕಿದ್ದರು. 1961ರಲ್ಲಿ ಆ ಮಿತಿ ತೆಗೆಯುವ ಹೊತ್ತಿಗೂ ಅದು 20 ಪೌಂಡ್ ಅಷ್ಟೇ. ಬೇಸಿಗೆಯಲ್ಲಿ ಬ್ಯಾಟು ಹಿಡಿದರೆ ಮನೆಗೂ ಅನುಕೂಲ. ಈಗ ಎರಡೂ ಆಟ ವರ್ಷವಿಡೀ ನಡೆಯುತ್ತೆ. ಹುಡುಗರನ್ನು ಬೈದು ಏನು ಪ್ರಯೋಜನ?

ನನಗೆ ವಾಟ್ಸನ್ ಇಷ್ಟ ಆಗೋದು ಆಮೇಲಿನ ಬದುಕಿಗೆ. ಹ್ಯಾಲಿಫ್ಯಾಕ್ಸ್, ಬ್ರಾಡ್‌ಫರ್ಡ್ ಸಿಟಿಯಂಥ ಬಡ ಫುಟ್‌ಬಾಲ್ ಕ್ಲಬ್‌ಗಳಿಗೆ ಮ್ಯಾನೇಜರ್ ಆದ. ಯಾರ್ಕ್‌ಷೈರ್ ಬಿಟ್ಟು ಲೆಸ್ಟರ್‌ಷೈರ್ ಕ್ರಿಕೆಟ್ ತಂಡದ ನಾಯಕನಾದ, ಟೆಸ್ಟ್ ಆಯ್ಕೆ ಸಮಿತಿಯಲ್ಲೂ ಕೂತ. ಕೊನೆಗೆ ಜೊಹಾನ್ಸ್‌ಬರ್ಗ್‌ನ ವಾಂಡರರ್ಸ್ ಕ್ಲಬ್‌ನ ಆಡಳಿತಕ್ಕೆ ಸೇರಿದ. ಕ್ಲಬ್ ನಡೆಸೋದು ಅಂದರೆ ಪಿಚ್ ಒದ್ದೆ, ಲೆಕ್ಕ ತಾಳೆ ಆಗಲ್ಲ, ಸದಸ್ಯರ ಗೊಣಗಾಟ. ಎಲ್ಲ ಸರಿಯಾಗಿದ್ದರೆ ಯಾರೂ ಗಮನಿಸಲ್ಲ, ಒಂದು ನಲ್ಲಿ ಕೆಟ್ಟರೆ ಎಲ್ಲರೂ ಬೈಯುತ್ತಾರೆ. ಲಾರ್ಡ್ಸ್‌ನಲ್ಲಿ ಅವನು ಮಾಡಿದ್ದೂ ಇದೇ ಕೆಲಸ ಅಂತ ನನಗನಿಸುತ್ತೆ. ಏನೂ ಆಗದ ಹಾಗೆ ನೋಡಿಕೊಂಡ.

ಆದರೆ ಒಂದು ಮುಳ್ಳು ಚುಚ್ಚುತ್ತಲೇ ಇರುತ್ತೆ. ಅವನು ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದು 1968ರಲ್ಲಿ. ಅದೇ ವರ್ಷ ಬೇಸಿಲ್ ಡಿ'ಒಲಿವೆರಾ ಓವಲ್‌ನಲ್ಲಿ ಇಂಗ್ಲೆಂಡ್ ಪರ 158 ಹೊಡೆದ. ಕೇಪ್‌ಟೌನ್‌ನಲ್ಲಿ ಹುಟ್ಟಿದ, ಬಣ್ಣದ ಕಾರಣಕ್ಕೆ ಅಲ್ಲಿ ದೊಡ್ಡ ಕ್ರಿಕೆಟ್ ಆಡಲಾಗದೆ ಇಂಗ್ಲೆಂಡಿಗೆ ಬಂದವನು. ಅವನು ತಂಡದಲ್ಲಿದ್ದಾನೆ ಅಂತ ದಕ್ಷಿಣ ಆಫ್ರಿಕಾ ಸರ್ಕಾರ ಇಂಗ್ಲೆಂಡ್ ತಂಡವನ್ನೇ ಬರಗೊಡಲಿಲ್ಲ, ಪ್ರವಾಸ ರದ್ದಾಯಿತು. ಒಬ್ಬನಿಗೆ ತಾನು ಹುಟ್ಟಿದ ನೆಲದಲ್ಲಿ ಆಡೋ ಹಕ್ಕಿಲ್ಲ, ಇನ್ನೊಬ್ಬನಿಗೆ ಅದೇ ನೆಲದಲ್ಲಿ ಕೆಲಸ, ಮನೆ. ವಾಟ್ಸನ್ 2004ರಲ್ಲಿ ತೀರಿಕೊಂಡಿದ್ದೂ ಜೊಹಾನ್ಸ್‌ಬರ್ಗ್‌ನಲ್ಲೇ. ಲಾರ್ಡ್ಸ್‌ನ ಆ 109 ನೆನೆಸಿಕೊಂಡಾಗೆಲ್ಲ ನನಗೆ ಈ 158 ಕೂಡ ನೆನಪಾಗುತ್ತೆ.